ಹೊಗಳಿದವರಿಗೆ ಬಿಡುಗಡೆ, ವಾರಂಟ್ ಹೊರಡಿಸಿದವರಿಗೆ ದಿಗ್ಬಂಧನ

ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ನ್ಯಾಯಾಧೀಶ ನಿಕೊಲಾ ಗಿಯೂ ಅವರು ತಮ್ಮದೇ ದೇಶವಾದ ಫ್ರಾನ್ಸ್‌ನಲ್ಲಿ ಒಂದು ಹೋಟೆಲ್ ಕೊಠಡಿ ಕಾಯ್ದಿರಿಸಿದರು. ಕೆಲವೇ ಗಂಟೆಗಳಲ್ಲಿ, ಅಮೆರಿಕದ ನಿರ್ಬಂಧದ ಕಾರಣ ಬುಕಿಂಗ್ ರದ್ದಾಗಿದೆ ಎಂದು ಎಕ್ಸ್‌ಪೀಡಿಯಾದಿಂದ ಇಮೇಲ್ ಬಂತು. ಅಮೆಜಾನ್, ಪೇಪಾಲ್, ಏರ್‌ಬಿಎನ್‌ಬಿ ಖಾತೆಗಳೂ ಮುಚ್ಚಿಹೋದವು. ಇದರಿಂದ ಮನುಕುಲಕ್ಕೆ ಎಷ್ಟು ನೆಮ್ಮದಿಯಾಗಿದೆ ಎಂಬುದನ್ನು ಬಣ್ಣಿಸಲು ಪದಗಳು ಸಾಲವು. ಇಸ್ರೇಲ್ ಪ್ರಧಾನಿ ನೆತನ್ಯಾಹು ಅವರ ಬಂಧನಕ್ಕೆ 2024ರ ನವೆಂಬರ್‌ನಲ್ಲಿ ವಾರಂಟ್ ಹೊರಡಿಸಿದ ಪೀಠದಲ್ಲಿದ್ದ ವ್ಯಕ್ತಿಯೊಬ್ಬರು ಬಾಡಿಗೆ ಕೊಠಡಿಯಲ್ಲಿ ಒಂದು ರಾತ್ರಿ ನಿದ್ದೆ ಮಾಡಿಬಿಟ್ಟಿದ್ದರೆ, ಅಟ್ಲಾಂಟಿಕ್ ಸಾಗರದ ಆಚೆಗಿರುವ ಅಮೆರಿಕವೆಂಬ ಮಹಾನ್ ದೇಶದ ಭದ್ರತೆಯ ಗತಿ ಏನಾಗಬೇಕಿತ್ತು?

ಇಂಥ ನಿರ್ಬಂಧ ಪಟ್ಟಿಗಳ ಹಿಂದೆ ಒಂದು ಕಾಲಕ್ಕೆ ಮರ್ಯಾದಸ್ಥ ಉದ್ದೇಶವಿತ್ತು. ರಷ್ಯಾದ ಅಧಿಕಾರಿಗಳ ತೆರಿಗೆ ವಂಚನೆಯನ್ನು ಬಯಲಿಗೆಳೆದ ಸೆರ್ಗೆಯ್ ಮ್ಯಾಗ್ನಿಟ್ಸ್ಕಿ 2009ರಲ್ಲಿ ಮಾಸ್ಕೋದ ಸೆರೆಯಲ್ಲಿ ಸತ್ತರು. ಅವರ ಹೆಸರಿನಲ್ಲಿ ಅಮೆರಿಕ 2012ರಲ್ಲಿ ಕಾನೂನು ಮಾಡಿ, 2016ರಲ್ಲಿ ಅದನ್ನು ಜಗತ್ತಿಗೆಲ್ಲ ವಿಸ್ತರಿಸಿತು. ಹಿಂಸಕರ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಲೆಂದು ಬಂದ ಈ ಕಾನೂನು 2025ರ ಜುಲೈಯಲ್ಲಿ ಹಿಡಿದದ್ದು ಬ್ರೆಜಿಲ್‌ನ ಮಾಜಿ ಅಧ್ಯಕ್ಷ ಬೊಲ್ಸೊನಾರೊ ವಿರುದ್ಧದ ವಿಚಾರಣೆಯ ನೇತೃತ್ವ ವಹಿಸಿದ್ದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಅಲೆಕ್ಸಾಂಡ್ರೆ ಡಿ ಮೊರೈಸ್ ಅವರನ್ನು. ಡಿಸೆಂಬರ್ ಬರುವಷ್ಟರಲ್ಲಿ ಅವರ ಹೆಸರು ಪಟ್ಟಿಯಿಂದ ಮಾಯವಾಗಿತ್ತು. ಆ ನಡುವಿನ ತಿಂಗಳುಗಳಲ್ಲಿ ಬ್ರೆಜಿಲ್‌ನ ಮಾನವ ಹಕ್ಕುಗಳು ಸದ್ದಿಲ್ಲದೆ ಚೇತರಿಸಿಕೊಂಡವೆಂದು ನಾವು ನಂಬತಕ್ಕದ್ದು.

ನಿಜವಾಗಿ ಪಟ್ಟಿಗೆ ಸೇರಬೇಕಾದವರು ಸೇರಿದಾಗಲೂ ಏನಾಗುತ್ತದೆ ಎಂಬುದನ್ನು ಹಾಂಗ್‌ಕಾಂಗ್ ತೋರಿಸಿಕೊಟ್ಟಿದೆ. ಅಲ್ಲಿನ ಆಡಳಿತದ ಮುಖ್ಯಸ್ಥೆಯಾಗಿದ್ದ ಕ್ಯಾರಿ ಲ್ಯಾಮ್ ಅವರ ಮೇಲೆ 2020ರ ಆಗಸ್ಟ್‌ನಲ್ಲಿ ನಿರ್ಬಂಧ ಬಿದ್ದು, ಯಾವ ಬ್ಯಾಂಕೂ ಅವರಿಗೆ ಖಾತೆ ಕೊಡದಾಯಿತು. ಸರ್ಕಾರ ತಮಗೆ ಸಂಬಳವನ್ನು ನಗದಾಗಿಯೇ ಕೊಡುತ್ತಿದೆಯೆಂದೂ ಮನೆಯಲ್ಲಿ ದುಡ್ಡಿನ ರಾಶಿಯೇ ಬಿದ್ದಿದೆಯೆಂದೂ ಅವರು ಟಿ.ವಿ. ಸಂದರ್ಶನದಲ್ಲಿ ಅಲವತ್ತುಕೊಂಡರು. ವರ್ಷಕ್ಕೆ 50 ಲಕ್ಷ ಹಾಂಗ್‌ಕಾಂಗ್ ಡಾಲರ್ ಮೀರಿದ ಸಂಬಳವದು. ಅಷ್ಟನ್ನು ಎಣಿಸಿ ಕೊಟ್ಟ ಗುಮಾಸ್ತ ಯಾರು, ಒಂದು ನೋಟು ಕಡಿಮೆ ಬಿದ್ದರೆ ದೂರು ಯಾರಿಗೆ, ಬೀರು ತುಂಬಿದ ಮೇಲೆ ಮುಂದಿನ ತಿಂಗಳದ್ದನ್ನು ಇಟ್ಟದ್ದೆಲ್ಲಿ ಎಂಬ ಘನವಾದ ಪ್ರಶ್ನೆಗಳು ನನ್ನನ್ನು ಇಂದಿಗೂ ಕಾಡುತ್ತವೆ. ಪ್ರಜಾಪ್ರಭುತ್ವ ಕೇಳಿದ ಪ್ರತಿಭಟನಕಾರರು ಜೈಲು ಸೇರಿದ್ದರು. ಮುಖ್ಯಸ್ಥೆಯ ಸಂಕಟ ನೋಟಿನ ಕಂತೆಗಳದ್ದಾಗಿತ್ತು. ಅದೇ ಪಟ್ಟಿಯಲ್ಲಿದ್ದ ಬೀಜಿಂಗ್‌ನ ಪ್ರತಿನಿಧಿ ಲುವೊ ಹುಯಿನಿಂಗ್ ಇನ್ನೂ ಉದಾರಿ. ವಿದೇಶದಲ್ಲಿ ತಮಗೆ ಕಾಸಿನ ಆಸ್ತಿಯೂ ಇಲ್ಲ, ಬೇಕಿದ್ದರೆ ಮುಟ್ಟುಗೋಲಿಗೆ ಅನುಕೂಲವಾಗಲೆಂದು ಟ್ರಂಪ್ ಅವರಿಗೆ 100 ಡಾಲರ್ ಕಳುಹಿಸುತ್ತೇನೆ ಎಂದರು.

ಪಟ್ಟಿಯಲ್ಲಿ ಯಾರಿದ್ದಾರೆ ಎಂಬುದಕ್ಕಿಂತ ಯಾರಿಲ್ಲ ಎಂಬುದೇ ಹೆಚ್ಚು ಸ್ವಾರಸ್ಯಕರ. ಪತ್ರಕರ್ತ ಜಮಾಲ್ ಖಶೋಗ್ಗಿ ಹತ್ಯೆಗಾಗಿ ಅಮೆರಿಕ 2018ರಲ್ಲಿ 17 ಮಂದಿ ಸೌದಿಗಳ ಮೇಲೆ ನಿರ್ಬಂಧ ಹೇರಿತು. ಖಶೋಗ್ಗಿ ಅವರನ್ನು ಸೆರೆಹಿಡಿಯುವ ಅಥವಾ ಕೊಲ್ಲುವ ಕಾರ್ಯಾಚರಣೆಗೆ ಸೌದಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಅವರ ಒಪ್ಪಿಗೆಯಿತ್ತೆಂದು ಅದರದೇ ಗುಪ್ತಚರ ವರದಿ 2021ರಲ್ಲಿ ಹೇಳಿದಾಗ, ಯುವರಾಜರ ಹೆಸರು ಮಾತ್ರ ಪಟ್ಟಿಗೆ ಏರಲಿಲ್ಲ. 2025ರ ನವೆಂಬರ್‌ನಲ್ಲಿ ಶ್ವೇತಭವನ ಅವರನ್ನು ಸಕಲ ಮರ್ಯಾದೆಗಳೊಂದಿಗೆ ಬರಮಾಡಿಕೊಂಡಿತು.

ಇನ್ನು ಮ್ಯಾನ್ಮಾರ್. 2021ರ ಫೆಬ್ರುವರಿಯಲ್ಲಿ ಚುನಾಯಿತ ಸರ್ಕಾರವನ್ನು ಉರುಳಿಸಿದ ಜನರಲ್ ಮಿನ್ ಆಂಗ್ ಹ್ಲೈಂಗ್ ಅವರಿಗೆ 2025ರ ಜುಲೈಯಲ್ಲಿ ಟ್ರಂಪ್ ಅವರಿಂದ ಶೇ 40ರ ಸುಂಕದ ಪತ್ರ ಬಂತು. ಬೇರೆಯವರಾಗಿದ್ದರೆ ಸಿಟ್ಟಾಗುತ್ತಿದ್ದರು, ಜನರಲ್ ಧನ್ಯವಾದ ಬರೆದರು. ಟ್ರಂಪ್ ನಿಜವಾದ ದೇಶಭಕ್ತರು, 2020ರ ಚುನಾವಣೆಯಲ್ಲಿ ಅವರಿಗೆ ಎದುರಾದ ಕಷ್ಟವೇ ನಮಗೂ ಎದುರಾಯಿತು, ನಮ್ಮಲ್ಲೂ ಭಾರೀ ಚುನಾವಣಾ ಅಕ್ರಮ ನಡೆದಿತ್ತು ಎಂದು ಹೊಗಳಿ, ನಿರ್ಬಂಧಗಳನ್ನು ಸಡಿಲಿಸಬೇಕೆಂದು ಕೋರಿದರು. ಅದೇ ತಿಂಗಳ 24ರಂದು ಸೇನಾಡಳಿತಕ್ಕೆ ಹತ್ತಿರದ ಕೆಲವು ಕಂಪನಿಗಳು ಮತ್ತು ಅವುಗಳ ಹಿಂದಿನ ವ್ಯಕ್ತಿಗಳ ಮೇಲಿನ ನಿರ್ಬಂಧ ರದ್ದಾಯಿತು. ಅಂತರರಾಷ್ಟ್ರೀಯ ಕಾನೂನಿನ ವಿದ್ಯಾರ್ಥಿಗಳು ಇನ್ನು ಮುಂದೆ ಸ್ತೋತ್ರರಚನೆಯನ್ನೂ ಕಲಿಯುವುದು ಒಳಿತು.

ನಗುವುದಕ್ಕೂ ಒಂದು ಮಿತಿಯಿದೆ. 2023ರ ಏಪ್ರಿಲ್ 11ರಂದು ಸಾಗೈಂಗ್ ಪ್ರಾಂತ್ಯದ ಪಾಜಿಗ್ಯಿ ಗ್ರಾಮದಲ್ಲಿ ಒಂದು ಕಚೇರಿಯ ಉದ್ಘಾಟನೆಗೆ ಜನ ಸೇರಿದ್ದಾಗ ಇದೇ ಜನರಲ್‌ನ ಯುದ್ಧವಿಮಾನ ಬಾಂಬ್ ಹಾಕಿತು, ಆಮೇಲೆ ಹೆಲಿಕಾಪ್ಟರ್ ಬಂದು ಗುಂಡು ಹಾರಿಸಿತು. ನೂರಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ವಿಮಾನ ಇಂಧನ ವ್ಯವಹಾರದ ಮೇಲಿನ ನಿರ್ಬಂಧವನ್ನು ಅಮೆರಿಕ ವಿಸ್ತರಿಸಿದ್ದು ಅದಾದ ನಾಲ್ಕು ತಿಂಗಳ ಮೇಲೆ. ಪತ್ರಕ್ಕೂ ಜುಲೈನ ರದ್ದತಿಗೂ ಸಂಬಂಧವಿಲ್ಲವೆಂದು ಅಧಿಕಾರಿಗಳು ಹೇಳುತ್ತಾರೆ. ಇರಲಿ, ಒಪ್ಪೋಣ. ಹಾಗಾದರೆ ನಿಜವಾದ ಕಾರಣವನ್ನಾದರೂ ಹೇಳಬೇಕಿತ್ತಲ್ಲ? ರದ್ದತಿಯ ಕುರಿತ ಖಜಾನೆ ಇಲಾಖೆಯ ಪ್ರಕಟಣೆಯಲ್ಲಿ ಅದನ್ನು ವಿವರಿಸುವ ಒಂದು ಸಾಲೂ ಇರಲಿಲ್ಲ.