ಒಂದ ಡಮ್ಮಿ ಎರಡು ಕಡೆ ಬ್ಯಾಡ್ರಿ

ಡೆಲ್ಫಿ ಅನ್ನೂ ಪ್ರೋಗ್ರಾಮಿಂಗ್ ಭಾಷೆದಾಗ ಪ್ರೊಸೀಜರ್ (ಹೆಸರಿಟ್ಟ ಕೋಡಿನ ತುಂಡು) ಕರಿಯುವಾಗ, ಅದು ಉತ್ತರ ತುಂಬಿ ಕೊಡೂ ಔಟ್‌ಪುಟ್ ಪ್ಯಾರಾಮೀಟರಿನೊಳಗ ಬ್ಯಾಡಾದವಕ್ಕೆಲ್ಲಾ ಡಮ್ಮಿ ಅಂತ ಒಂದ ವೇರಿಯೇಬಲ್ ಕೊಟ್ಟರ ಆತು ಅಂತ ಲೇಖನದಾಗ ಬರದೀರಿ. ಅರ್ಧ ಒಪ್ಪತೀನ್ರಿ. ಪ್ಯಾರಾಮೀಟರಿಗೆ ವಾರ್ (var) ಅಂತ ಬರದರ ಒಳಗ ಹೋಗೂದು ವೇರಿಯೇಬಲ್ಲಿನ ವಿಳಾಸ, ಹಿಂಗಾಗಿ ಅಲ್ಲಿ ನಿಲ್ (ಖಾಲಿ ವಿಳಾಸ) ಕೊಡಾಕ ಬರೂದಿಲ್ಲ, ಬರೇ ಸೊನ್ನಿನೂ ಕೊಡಾಕ ಬರೂದಿಲ್ಲ. ಖರೆ. ಆದರ ಒಂದ ಡಮ್ಮಿನ ಎರಡು ಜಾಗಾಕ ಕೊಟ್ಟರ ಎರಡೂ ಹೆಸರು ಒಂದ ಮೆಮೊರಿಗೆ ಬೀಳ್ತಾವ.

ನಮ್ಮ ಬಾಗಲಕೋಟಿ ಕಡೆ ಕಬ್ಬಿನ ಕಾಟಾಕ್ಕ ಒಂದು ಪ್ರೊಸೀಜರ್ ಬರದೀವಿ ಅಂತ ತಿಳಕೊಳ್ರಿ. ಒಟ್ಟು ತೂಕ, ಖಾಲಿ ಗಾಡಿ ತೂಕ, ನಿವ್ವಳ, ಮೂರೂ ವಾರ್. ಪ್ರೊಸೀಜರ್ ಕರಿಯಾಂವಗ ನಿವ್ವಳ ಅಷ್ಟ ಬೇಕು, ಮೊದಲಿನ ಎರಡಕ್ಕೂ ಅದ ಡಮ್ಮಿ ಕೊಟ್ಟ. ಒಳಗ ಒಟ್ಟು 24,000 ಕಿಲೋ ಬರಿತೈತಿ, ಅದರ ಮ್ಯಾಲೇ ಖಾಲಿ ಗಾಡಿ 8,000 ಬರಿತೈತಿ. ಆಮ್ಯಾಲ ಒಟ್ಟಿನಾಗ ಖಾಲಿ ಕಳದರ 8,000ದಾಗ 8,000 ಹೋಗಿ ನಿವ್ವಳ ಸೊನ್ನಿ! ಕೋಡ್ ತಪಾಸೂ ಕಂಪೈಲರ್ ಪಿಟ್ ಅನ್ನೂದಿಲ್ಲ. ರೈತ ಸುಮ್ನ ಬಿಡ್ತಾನೇನ್ರಿ?

ಕೋಡ್ ನಮ್ಮದ ಇದ್ದರ ಓವರ್‌ಲೋಡ್ (ಅದ ಹೆಸರಿನ ಇನ್ನೊಂದು ರೂಪ) ಬರಿಯೂದ ಚಲೋ: ನಿವ್ವಳ ಅಷ್ಟ ತಿರುಗಿ ಕೊಡೂ ಫಂಕ್ಷನ್, ಅದರೊಳಗ ಬ್ಯಾರೆ ಬ್ಯಾರೆ ಡಮ್ಮಿ. ಇಲ್ಲಂದ್ರ ಮೊದಲ ಲೈಬ್ರರಿ (ಡೆಲ್ಫಿ ಜೋಡಿ ಬರೂ ತಯಾರ ಕೋಡ್) ಹುಡುಕ್ರಿ. ವರ್ಷ ಅಷ್ಟ ಬೇಕಂದ್ರ, ತಾರೀಖನ್ನ ವರ್ಷ, ತಿಂಗಳು, ದಿನ ಅಂತ ಒಡದು ಕೊಡೂ ಡಿಕೋಡ್‌ಡೇಟ್ ಕರದು ತಿಂಗಳು, ದಿನ ಚೆಲ್ಲೂದ್ಯಾಕ? ಡೇಟ್‌ಯುಟಿಲ್ಸ್ ಒಳಗ ಇಯರ್‌ಆಫ್ ಐತಲ್ಲ.

ಇನ್ನ ಅಕ್ಷರದಾಗಿನ ಅಂಕಿನ ಸಂಖ್ಯೆ ಮಾಡೂ ವ್ಯಾಲ್ ಕರದು, ತಪ್ಪು ಎಲ್ಲೈತಿ ಅಂತ ಹೇಳೂ ಎರರ್ ಕೋಡನ್ನೂ ಡಮ್ಮಿಗೆ ಹಾಕಾವ್ರು ಅದಾರ. ಅದು ಬ್ಯಾಡಾದ್ದಲ್ರಿ, ನೋಡಾಕ ಬ್ಯಾಸರ ಅಷ್ಟ. ಖರೇನ ಬ್ಯಾಡಾದ ಜಾಗಾಕ ಸಿ ಶಾರ್ಪ್ ಭಾಷೆದಾಗ 2017ರಿಂದ ಅಂಡರ್‌ಸ್ಕೋರ್ ಹಾಕಿ ಬಿಡಬಹುದು. ಡೆಲ್ಫಿದಾಗ ಅದಿಲ್ಲ, ಆದರ ಅದರ 10.3 ಆವೃತ್ತಿಯಿಂದ ಡಮ್ಮಿನ ಕರಿಯೂ ಸಾಲಿನ ಮ್ಯಾಲೇನ ಘೋಷಿಸಾಕ ಬರತೈತಿ.