ಏರು ಒಲ್ಲದ ಇಬ್ಬರು

ನನಗೂ ನೀರಿಗೂ ಒಂದು ವಿಷಯದಲ್ಲಿ ಪೂರ್ಣ ಸಹಮತವಿದೆ. ಏರು ಇಬ್ಬರಿಗೂ ಆಗಿಬರುವುದಿಲ್ಲ. ಬೆಳಗಿನ ಐದೂವರೆಗೆ ಚಾಮುಂಡಿಬೆಟ್ಟವನ್ನು ಸೈಕಲ್ಲಿನಲ್ಲಿ ಹತ್ತಿ, ಮೇಲೆ ನಿಂತು ಫೋಟೊ ತೆಗೆಸಿಕೊಂಡು, ಇಳಿದು ಬಂದು ಮಸಾಲೆದೋಸೆ ತಿನ್ನುವ ಸವಾರರ ಗುಂಪುಗಳು ಮೈಸೂರಿನಲ್ಲಿ ಬೇಕಾದಷ್ಟಿವೆ. ದೋಸೆಯ ಭಾಗಕ್ಕೆ ಮಾತ್ರ ಸೇರಿಕೊಳ್ಳಬಹುದೇ ಎಂದು ಅಂಥ ಒಂದು ಗುಂಪಿನವರನ್ನು ಕೇಳಿದ್ದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕರು. ಅಂದಿನಿಂದ ಭಾನುವಾರಗಳಂದು ಬೆಟ್ಟಕ್ಕೆ ಬೆನ್ನು ಹಾಕಿ, ಶ್ರೀರಂಗಪಟ್ಟಣದ ಕಡೆಯ ಗದ್ದೆಬಯಲಿಗೆ ತುಳಿಯುತ್ತೇನೆ.

ಸೈಕಲ್ಲೂ ನನ್ನದಲ್ಲ. ಅಣ್ಣನ ಮಗ ಅಮೆರಿಕಕ್ಕೆ ಹೋಗುವಾಗ, 'ಚಿಕ್ಕಪ್ಪ, ವಾರಕ್ಕೊಮ್ಮೆ ಓಡಿಸುತ್ತಿರಿ, ಇಲ್ಲದಿದ್ದರೆ ಹಾಳಾಗುತ್ತದೆ' ಎಂದು ನಮ್ಮ ಮನೆಯ ವರಾಂಡದಲ್ಲಿ ನಿಲ್ಲಿಸಿಹೋದ. ಹಾಳಾಗುವುದು ಸೈಕಲ್ಲೋ ಚಿಕ್ಕಪ್ಪನೋ ಎಂಬುದನ್ನು ಬಿಡಿಸಿ ಹೇಳಲಿಲ್ಲ. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್, ಹೆಬ್ಬೆರಳಿನ ದಪ್ಪದ ಟೈರು, ಇಪ್ಪತ್ತೆರಡು ಗೇರು. ಈ ಇಪ್ಪತ್ತೆರಡರಲ್ಲಿ ಮೂರರ ಪರಿಚಯ ನನಗಿದೆ, ಉಳಿದವು ದೂರದ ನೆಂಟರಂತೆ ಎಲ್ಲೋ ಒಳಗೆ ಇವೆ. ಇರಬೇಕಾದವು ಮಾತ್ರ ಇಲ್ಲ. ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಕೊನೆಗೆ ಬೆಲ್ ಕೂಡ ಇಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದ ದೊಡ್ಡವರ ಸೈಕಲ್ಲಿನಲ್ಲಿ ಒಳಪೆಡಲ್ ತುಳಿದು, ಎರಡು ಮೊಣಕಾಲಿನ ಸಿಪ್ಪೆ ಕೊಟ್ಟು ವಿದ್ಯೆ ಕಲಿತ ನನ್ನಂಥವನಿಗೆ ಇದು ಸೈಕಲ್ಲಿನ ಎಲುಬುಗೂಡಿನಂತೆ ಕಾಣುತ್ತದೆ.

ಪಾಲಹಳ್ಳಿಯ ಹತ್ತಿರ ಒಂದು ಬೆಳಿಗ್ಗೆ, ಎರಡು ಹಾಲಿನ ಕ್ಯಾನು ತೂಗುಹಾಕಿದ ಹಳೆಯ ಸೈಕಲ್ಲಿನ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿದರು. ನಾನು ಇಳಿದು ಸೈಕಲ್ಲನ್ನು ಒರಗಿಸಲು ಮರ ಹುಡುಕುತ್ತಿದ್ದುದನ್ನು ನೋಡಿ ಮರುಕ ಬಂದಿರಬೇಕು.

'ಏನು ಸ್ವಾಮಿ, ಇದಕ್ಕೆ ಸ್ಟ್ಯಾಂಡೇ ಇಲ್ಲವೇ?'

'ಇಲ್ಲ. ತೂಕ ಕಡಿಮೆಯಾಗಲಿ ಎಂದು ತೆಗೆದಿರುತ್ತಾರೆ.'

'ಎಷ್ಟು ಕೊಟ್ಟಿರಿ?'

ನಿಜವಾದ ಬೆಲೆ ಹೇಳಲು ಧೈರ್ಯವಾಗದೆ ಮೂರನೆಯ ಒಂದು ಭಾಗ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆ ದುಡ್ಡಿಗೆ ಒಂದು ಹಸು ಬರುತ್ತಿತ್ತು' ಎಂದರು. ಆಮೇಲೆ ಇನ್ನಷ್ಟು ಯೋಚಿಸಿ, 'ಹಸುವಾದರೆ ತಾನೇ ನಿಂತುಕೊಳ್ಳುತ್ತದೆ' ಎಂದರು.

ಪಾಲಹಳ್ಳಿಯ ಪಕ್ಕದಲ್ಲೇ ವಿರಿಜಾ ನಾಲೆ ಹರಿಯುತ್ತದೆ. ಈ ಸೀಮೆಯ ನಾಲೆಗಳು ಒಂದೆರಡಲ್ಲ. ಕಾವೇರಿಯ ಎಡಕ್ಕೂ ಬಲಕ್ಕೂ, ಒಂದು ಮೇಲೆ ಒಂದು ಕೆಳಗೆ, ಒಂದೇ ಮನೆಯ ಅಣ್ಣತಮ್ಮಂದಿರಂತೆ ಬೇರೆ ಬೇರೆ ಕಾಲದಲ್ಲಿ ಹುಟ್ಟಿ ಒಂದೇ ದಿಕ್ಕಿಗೆ ಹೊರಟಿವೆ. ಹಿರಿಯವು ಒಡೆಯರ ಕಾಲದವು. ಚಿಕ್ಕದೇವರಾಜ ಒಡೆಯರ ಹೆಸರಿನ ಚಿಕ್ಕದೇವರಾಯಸಾಗರ ನಾಲೆಗೆ ಮುನ್ನೂರು ವರ್ಷ ದಾಟಿದೆ. ಕಣ್ಣಿಗೆ ಹೆಚ್ಚು ಬೀಳುವುದು ಕಿರಿಯದು, ಕನ್ನಂಬಾಡಿ ಕಟ್ಟೆಯ ಎಡದಂಡೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ. ಮೊದಲು ಅದಕ್ಕೆ ವೈಸರಾಯ್ ಇರ್ವಿನ್ನರ ಹೆಸರಿತ್ತು. ಈಗ ಎಲ್ಲರ ಬಾಯಲ್ಲಿ ವಿ.ಸಿ. ನಾಲೆ. ಪಾಂಡವಪುರದ ಕಡೆಯಿಂದ ಬಳಸಿ ಬಂದು, ಹುಲಿಕೆರೆಯ ಹತ್ತಿರ ಗುಡ್ಡ ಅಡ್ಡ ಬಂದಾಗ ಸುರಂಗ ಹೊಕ್ಕು, ಆಚೆ ಬದಿಯಲ್ಲಿ ಏನೂ ಆಗದವರಂತೆ ಹೊರಬಂದು ಮಂಡ್ಯದ ಬಯಲಿಗೆ ಹೋಗುತ್ತದೆ.

ನಾಲೆಯ ಏರಿಯ ಮೇಲೆ ಸೈಕಲ್ ತುಳಿಯತೊಡಗಿದ ಮೇಲೆಯೇ ನನಗೆ ಅದರ ಸ್ವಭಾವ ತಿಳಿದದ್ದು. ಕಾರಿನಲ್ಲಿ ಹೋಗುವವರಿಗೆ ಈ ಸೀಮೆಯೆಲ್ಲ ಸಮತಟ್ಟು. ಸೈಕಲ್ಲಿನವನ ತೊಡೆಗೆ ಸಮತಟ್ಟು ಎಂಬುದು ಅಷ್ಟು ಸುಲಭವಾಗಿ ಸಿಗುವ ವಸ್ತುವಲ್ಲ. ನೋಟಕ್ಕೆ ಸಪಾಟಾಗಿರುವ ರಸ್ತೆ ನೂರು ಅಡಿಗೆ ಒಂದಡಿ ಏರಿದರೂ ತೊಡೆ ಅದನ್ನು ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆ ಮನುಷ್ಯರ ಅವಸರಕ್ಕೆ ಆದದ್ದು. ದಿಬ್ಬ ಬಂದರೆ ಹತ್ತುತ್ತದೆ, ಹಳ್ಳ ಬಂದರೆ ಇಳಿಯುತ್ತದೆ. ನಾಲೆಗೆ ಆ ಅವಸರವಿಲ್ಲ. ದಿಬ್ಬ ಬಂದರೆ ಅದರ ಸೊಂಟ ಹಿಡಿದು ಅರ್ಧ ಮೈಲಿ ಸುತ್ತುತ್ತದೆ. ಮಧ್ಯೆ ಹಳ್ಳ ಬಂದರೆ ಮೇಲ್ಗಾಲುವೆಯ ಮೇಲೆ ಕಾಲು ಒದ್ದೆಯಾಗದಂತೆ ದಾಟುತ್ತದೆ. ಎಲ್ಲಿಯೂ ಒಂದು ಗೇಣು ಏರುವುದಿಲ್ಲ, ಇಳಿಯುವುದನ್ನೂ ಜಿಪುಣನ ಕೈಯ ಕಾಸಿನಂತೆ ಚೂರುಚೂರಾಗಿ ಇಳಿಯುತ್ತದೆ. ಬೇಗ ಇಳಿದುಬಿಟ್ಟರೆ ಮುಂದಿನ ಊರಿನ ಎತ್ತರದ ಗದ್ದೆಗೆ ನೀರು ಏರುವುದಿಲ್ಲವಲ್ಲ! ಮುನ್ನೂರು ವರ್ಷದ ಹಿಂದೆ, ಈಗಿನಂಥ ಉಪಕರಣಗಳೊಂದೂ ಇಲ್ಲದೆ, ಈ ಮಟ್ಟವನ್ನು ಕಣ್ಣಳತೆಯಲ್ಲಿ ಹಿಡಿದವರು ಯಾರೋ. ಅವರು ಹಾಗೆ ಹಿಡಿದದ್ದು ಭತ್ತಕ್ಕಾಗಿ. ಪುಣ್ಯದಲ್ಲಿ ಪಾಲು ನನ್ನ ಮೊಣಕಾಲಿಗೂ ಬಂದಿದೆ.

ಮಂಡ್ಯದ ಸಮತಟ್ಟು ದೇವರು ಕೊಟ್ಟದ್ದಕ್ಕಿಂತ ನೀರು ಕೊಟ್ಟದ್ದೇ ಹೆಚ್ಚು. ಭತ್ತದ ಗದ್ದೆಯಲ್ಲಿ ನೀರು ನಿಲ್ಲಬೇಕಾದರೆ ನೆಲ ಮಟ್ಟವಾಗಿರಬೇಕು. ನಾಲೆ ಬಂದ ಕಡೆಯೆಲ್ಲ ಒಂದೊಂದು ತಲೆಮಾರೂ ಒಂದೊಂದು ಪಾತಿಯನ್ನು ಕೆತ್ತಿ, ತುಂಬಿ, ಹಲುಬೆ ಎಳೆದು, ಒಣಭೂಮಿಯ ಉಬ್ಬುತಗ್ಗುಗಳನ್ನು ಸವರಿಬಿಟ್ಟಿದೆ. ನಾಲೆಯ ಬಲದಿಂದಲೇ ಕಬ್ಬು ಬಂತು, ಕಬ್ಬಿನ ಬಲದಿಂದ 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಈಗಲೂ ಮಳೆಗಾಲದಲ್ಲಿ ಇಲ್ಲಿನ ಚಹಾದಂಗಡಿಗಳಲ್ಲಿ ಕುಶಲ ಪ್ರಶ್ನೆ 'ಚೆನ್ನಾಗಿದ್ದೀರಾ' ಎಂದಲ್ಲ, 'ಎಷ್ಟು ಅಡಿ' ಎಂದು. ಯಾವುದರ ಅಡಿ ಎಂದು ಕೇಳಿದವನು ಹೊರಗಿನವನು. ಕನ್ನಂಬಾಡಿ ತುಂಬಲು 124.80 ಅಡಿ ಬೇಕು. ದಶಮಾಂಶ ಬಿಂದುವಿನ ನಂತರದ ಅಂಕಿಗೆ ಇಷ್ಟು ಗೌರವ ಕೊಡುವ ಜನರನ್ನು ನಾನು ಬ್ಯಾಂಕಿನಲ್ಲಿ ಮಾತ್ರ ಕಂಡಿದ್ದೇನೆ.

ಏರಿಯ ಮೇಲಿನ ಎಲ್ಲ ಸವಾರಿಯೂ ಇಷ್ಟು ಹಗುರವಲ್ಲ. ಹಲವು ಕಡೆ ದಾರಿಗೂ ನೀರಿಗೂ ನಡುವೆ ತಡೆಗೋಡೆ ಎಂಬುದಿಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿಯ ಬಳಿ ಬಸ್ಸೊಂದು ಇದೇ ವಿ.ಸಿ. ನಾಲೆಗೆ ಉರುಳಿ ಮೂವತ್ತು ಜನ ಹೋದರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳಿದ್ದರು. ತಿರುವಿನಲ್ಲಿ ಎದುರಿಗೆ ವಾಹನ ಬಂದರೆ ನಾನು ಸೈಕಲ್ಲಿನಿಂದ ಇಳಿದು, ಗದ್ದೆಯ ಬದಿಗೆ ನಿಂತುಬಿಡುತ್ತೇನೆ. ಯಾರಾದರೂ ಹೇಡಿ ಎಂದುಕೊಂಡರೆ ಎಂದುಕೊಳ್ಳಲಿ.

ಇನ್ನು ಶ್ರೀರಂಗಪಟ್ಟಣ. ಅಲ್ಲಿ ಒಂದು ಪೆಡಲ್ ತುಳಿದರೆ ಒಂದು ಶತಮಾನ ಜರುಗುತ್ತದೆ. ಗಂಗರ ಕಾಲದ ರಂಗನಾಥ, ಟಿಪ್ಪುವಿನ ದರಿಯಾ ದೌಲತ್, ಹೈದರನ ಗುಂಬಜ್, ಗಂಜಾಮಿನ ನಿಮಿಷಾಂಬೆ. ಪ್ರವಾಸಿ ಬಸ್ಸಿನವರು ಇವನ್ನೆಲ್ಲ ಎರಡು ಗಂಟೆಯಲ್ಲಿ ಮುಗಿಸಿ ಊಟಕ್ಕೆ ಹೋಗುತ್ತಾರೆ, ಅವರ ಬಗ್ಗೆ ನನಗೆ ತಕರಾರಿಲ್ಲ. ಆದರೆ ದ್ವೀಪ ಎಂಬ ಮಾತು ಬಸ್ಸಿನಲ್ಲಿ ಕುಳಿತವರಿಗೆ ಮಾರ್ಗದರ್ಶಿ ಹೇಳಿದರೆ ಗೊತ್ತಾಗುತ್ತದೆ. ಸೈಕಲ್ಲಿನವನಿಗೆ ಹೊಳೆ ದಾಟುವಾಗಲೆಲ್ಲ ಮೈಗೆ ತಣ್ಣಗೆ ತಾಗಿ ಗೊತ್ತಾಗುತ್ತದೆ. ಒಂದು ಕವಲು ದಾಟಿ ಒಳಗೆ ಬಂದರೆ, ಇನ್ನೊಂದು ಕವಲು ದಾಟಿಯೇ ಆಚೆ ಹೋಗಬೇಕು. ಈ ಊರಿನ ಚರಿತ್ರೆಯನ್ನು ದೊರೆಗಳ ಹೆಸರಿನಲ್ಲಿ ಬರೆಯುತ್ತಾರೆ. ನೀರಿನ ಮಟ್ಟದಲ್ಲಿ ಬರೆದರೂ ಆಗುತ್ತಿತ್ತು. ಕೋಟೆಗೆ ಹೊಳೆಯೇ ಕಂದಕ. ಮಳೆಗಾಲದ ಹೊಳೆಗೆ ಯಾವ ಸೈನ್ಯವೂ ಇಳಿಯದು. ಇಂಗ್ಲಿಷರು ಆ ಲೆಕ್ಕ ಬಲ್ಲವರು. ಅವರು ಗೋಡೆಯ ಬಿರುಕಿಗೆ ಏರಿ ಹೋದದ್ದು 1799ರ ಮೇ 4ರ ಮಧ್ಯಾಹ್ನ, ಮುಂಗಾರಿಗೆ ಇನ್ನೂ ಸಮಯವಿದ್ದಾಗ, ಹೊಳೆ ಇಳಿದಿದ್ದಾಗ. ಮೇ ತಿಂಗಳಲ್ಲಿ ಸೇತುವೆಯ ಮೇಲೆ ಸೈಕಲ್ ಹಿಡಿದು ನಿಂತು ಕೆಳಗಿನ ಬಂಡೆಗಳನ್ನು, ಬಂಡೆಯ ಮೇಲೆ ಒಣಹಾಕಿದ ಬಟ್ಟೆಗಳನ್ನು ನೋಡಿದರೆ ಆ ಮಧ್ಯಾಹ್ನ ಹೇಗಾಯಿತು ಎಂದು ಯಾರೂ ವಿವರಿಸಬೇಕಾಗಿಲ್ಲ.

ಉತ್ತರದ ಕವಲಿನ ಮೇಲೆ, ಕಿರಂಗೂರಿನ ಕಡೆಗೆ, ದಿವಾನ್ ಪೂರ್ಣಯ್ಯನವರು ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯಿದೆ, 1804ರದ್ದು. ಕಲ್ಲುಕಂಬ, ಕಂಬದ ಮೇಲೆ ಕಲ್ಲುತೊಲೆ, ತೊಲೆಯ ಮೇಲೆ ದಾರಿ. ದೇವಸ್ಥಾನದ ಮಂಟಪವೊಂದು ಉದ್ದಕ್ಕೆ ಮಲಗಿ ಹೊಳೆ ದಾಟಿದಂತೆ ಕಾಣುತ್ತದೆ. ಕನ್ನಂಬಾಡಿಯಿಂದ ಲಕ್ಷ ಕ್ಯುಸೆಕ್ ದಾಟಿ ನೀರು ಬಿಟ್ಟ ದಿನಗಳಲ್ಲಿ ಇದರ ಮೇಲೆ ಓಡಾಟ ನಿಲ್ಲಿಸುತ್ತಾರೆ. ನೀರು ಇಳಿದ ಮೇಲೆ ನೋಡಿದರೆ ಕಂಬಗಳಲ್ಲಿ ಹುಲ್ಲುಕಸ ಸಿಕ್ಕಿಕೊಂಡಿರುತ್ತದೆ, ಸೇತುವೆ ಮಾತ್ರ ಇದ್ದಲ್ಲೇ ಇರುತ್ತದೆ.

ಪೂರ್ಣಯ್ಯನವರ ಈ ಸೇತುವೆಗಿಂತ ನನಗೆ ಪ್ರಿಯವಾದದ್ದು ಊರಿನೊಳಗೆ ಇದ್ದ, ಈಗ ಇಲ್ಲದ, ಒಂದು ಕಮಾನು. ಡಿ ಹ್ಯಾವಿಲೆಂಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1808ರಲ್ಲಿ ಅದನ್ನು ಕಟ್ಟಿದ. ಕಾವೇರಿಗೆ ದೊಡ್ಡ ದೊಡ್ಡ ಇಟ್ಟಿಗೆ ಕಮಾನುಗಳ ಸೇತುವೆ ಹಾಕಬಹುದು ಎಂದು ಅವನ ವಾದ. ನಂಬದವರಿಗೆ ತೋರಿಸಲು ಒಂದೇ ಒಂದು ಕಮಾನನ್ನು, ನೂರು ಅಡಿಗೂ ಮೀರಿದ ಅಗಲಕ್ಕೆ, ಒಣ ನೆಲದ ಮೇಲೆ ಎತ್ತಿ ನಿಲ್ಲಿಸಿದ. ಕೆಳಗೆ ಹೊಳೆಯಿಲ್ಲ, ಎರಡು ಕಡೆಗೂ ರಸ್ತೆಯಿಲ್ಲ. ಮೇಲೆ ನಿಂತು ಕುಣಿದರೆ ಅಲುಗುತ್ತಿತ್ತಂತೆ, ಕುಣಿದು ನೋಡುವುದಕ್ಕೆಂದೇ ಜನ ಬರುತ್ತಿದ್ದರಂತೆ. ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ನಿಂತು 1930ರ ದಶಕದಲ್ಲಿ ಕುಸಿಯಿತು. ಎಲ್ಲಿಗೂ ಹೋಗದ ಸೇತುವೆಯನ್ನು ಹಟಕ್ಕೆ ಕಟ್ಟಿದವನು, ಎಲ್ಲಿಗೂ ಹೋಗುವ ಕೆಲಸವಿಲ್ಲದೆ ಭಾನುವಾರ ನಲವತ್ತು ಕಿಲೋಮೀಟರ್ ತುಳಿಯುವವನಿಗೆ ಅರ್ಥವಾಗುತ್ತಾನೆ.

ಏರು ಇಲ್ಲದ ಊರಿನಲ್ಲಿ ಗಾಳಿಯೇ ಏರು. ಇದನ್ನು ನನಗೆ ಕಲಿಸಿದ್ದು ಆಷಾಢ. ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುತ್ತದೆ, ಮೈಸೂರಿನಿಂದ ಶ್ರೀರಂಗಪಟ್ಟಣ ಈಶಾನ್ಯಕ್ಕಿದೆ. ಇದರ ಅರ್ಥ ಹೋಗುವಾಗ ತಿಳಿಯುವುದಿಲ್ಲ. ಹೋಗುವಾಗ ಬೆನ್ನ ಹಿಂದೆ ಯಾರೋ ಅಂಗೈ ಇಟ್ಟು ನೂಕುತ್ತಿರುತ್ತಾರೆ. ಅದನ್ನು ಗಾಳಿಯೆಂದು ಯಾರೂ ಭಾವಿಸುವುದಿಲ್ಲ, ತನ್ನ ಕಾಲಿನ ಬಲವೆಂದೇ ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದು, ಕಳೆದ ಆಷಾಢದ ಒಂದು ಭಾನುವಾರ, ಸೇತುವೆ ದಾಟಿ, ಕಿರಂಗೂರು ದಾಟಿ, ಪಾಂಡವಪುರದ ಕಡೆಗೆ ಇನ್ನೂ ಮುಂದೆ ಹೋದೆ. ಈ ವಯಸ್ಸಿನಲ್ಲಿ ಇಷ್ಟು ವೇಗವೇ ಎಂದು ಒಳಗೊಳಗೇ ಬೀಗಿದೆ. ತಿರುಗಿಸಿದಾಗ ಕಥೆ ಗೊತ್ತಾಯಿತು. ಗದ್ದೆಬಯಲಿನಲ್ಲಿ ಗಾಳಿಗೆ ಒಂದು ಮರದ ಅಡ್ಡಿಯೂ ಇಲ್ಲ. ಭತ್ತದ ಸಸಿಮಡಿಯೆಲ್ಲ ನನ್ನ ಕಡೆಗೆ ತಲೆಬಾಗಿಸಿತ್ತು, ಗೌರವದಿಂದಲ್ಲ. ಬೆಟ್ಟಕ್ಕಾದರೆ ತುದಿ ಎಂಬುದಿದೆ, ಹತ್ತಿದ ಮೇಲೆ ಇಳಿಜಾರಿದೆ. ಎದುರುಗಾಳಿಗೆ ತುದಿಯೂ ಇಲ್ಲ, ಇಳಿಜಾರೂ ಇಲ್ಲ. ಪರಿಚಯದ ಮೂರು ಗೇರುಗಳೂ ಕೈಬಿಟ್ಟವು. ನಾಲ್ಕನೆಯ ನೆಂಟನನ್ನು ಹುಡುಕಲು ಹೋಗಿ ಚೈನು ಬಿದ್ದಿತು. ಕೈಯೆಲ್ಲ ಗ್ರೀಸು ಮಾಡಿಕೊಂಡು ಅದನ್ನು ಕೂರಿಸಿ, ಚಾಮುಂಡಿಬೆಟ್ಟದ ಗುಂಪಿನವರನ್ನು ಮೊದಲ ಬಾರಿ ಗೌರವದಿಂದ ನೆನೆದೆ.

ಆಗ ಅಡ್ಡರಸ್ತೆಯೊಂದರಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ನನ್ನ ಮುಂದಕ್ಕೆ ಬಂದು ಸೇರಿತು. ಮನೆಯ ಗೋಡೆಯಷ್ಟು ಅಗಲ, ಅಷ್ಟೇ ಎತ್ತರ. ಅದರ ಹಿಂದೆ ಹೋದ ಕ್ಷಣದಲ್ಲಿ, ಯಾರೋ ಕಿಟಕಿ ಮುಚ್ಚಿದಂತೆ ಗಾಳಿ ನಿಂತಿತು. ಸೈಕಲ್ ಪಂದ್ಯಗಳಲ್ಲಿ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗುವುದು ಇದಕ್ಕೇ ಎಂದು ಅಣ್ಣನ ಮಗ ಹೇಳಿದ್ದ. ಅವನು ಹೇಳದ ಇನ್ನೊಂದು ಲಾಭವೆಂದರೆ ಕಬ್ಬಿನ ವಾಸನೆ. ಟ್ರೈಲರಿನ ಕೊನೆಯಲ್ಲಿ ತೂಗಾಡುವ ಗರಿಗಳನ್ನೇ ನೋಡುತ್ತ, ಅದೇ ವೇಗದಲ್ಲಿ, ಯಾವ ಯೋಚನೆಯೂ ಇಲ್ಲದೆ ತುಳಿದೆ. ಎಷ್ಟು ಹೊತ್ತೋ. ಟ್ರ್ಯಾಕ್ಟರ್ ನಿಂತಿತು, ನಾನೂ ನಿಂತೆ. ಸುತ್ತ ನೋಡಿದರೆ ಮೈಸೂರಿನ ರಸ್ತೆಯೇ ಇಲ್ಲ. ಆಲೆಮನೆಯೊಂದರ ಅಂಗಳದಲ್ಲಿದ್ದೆ.

ಗಾಣ ತಿರುಗುತ್ತಿತ್ತು. ರಸ ಹಿಂಡಿದ ಕಬ್ಬಿನ ರಚ್ಚು ಒಣಗಲು ಹರಡಿತ್ತು, ಕೊಪ್ಪರಿಗೆಯಲ್ಲಿ ಪಾಕ ನೊರೆಯೆದ್ದು ಕುದಿಯುತ್ತಿತ್ತು. ಒಲೆಗೆ ಉರಿ ಹಾಕುತ್ತಿದ್ದವನು ನನ್ನನ್ನೂ ಸೈಕಲ್ಲನ್ನೂ ಟ್ರ್ಯಾಕ್ಟರನ್ನೂ ಸರದಿಯಂತೆ ನೋಡಿ, 'ಯಾರು ಬೇಕಾಗಿತ್ತು ಸ್ವಾಮಿ?' ಎಂದ. ಗಾಳಿಗೆ ಮರೆಯಾಗಿ ಬಂದೆ ಎಂದು ಹೇಳಿದರೆ ಯಾರು ನಂಬುತ್ತಾರೆ! 'ಬೆಲ್ಲ ಸಿಗುತ್ತದೆಯೇ?' ಎಂದೆ.

'ಅಚ್ಚಿಗೆ ಹೊಯ್ಯುವುದಕ್ಕೆ ಇನ್ನೂ ಅರ್ಧ ಗಂಟೆ. ಸೈಕಲ್ ನಿಲ್ಲಿಸಿ ಕುಳಿತುಕೊಳ್ಳಿ.'

ನಿಲ್ಲಿಸಲು ಜಾಗ ಹುಡುಕಿದೆ. ಅವನು ಎರಡು ಕ್ಷಣ ನೋಡಿದ. ಕೇಳುತ್ತಾನೆ ಎಂದು ನಾನು ಉತ್ತರ ಸಿದ್ಧಮಾಡಿಕೊಂಡೆ. ಕೇಳಲಿಲ್ಲ. ಎದ್ದು ಬಂದು, ರಾಶಿಯಿಂದ ದಪ್ಪನೆಯ ಕಬ್ಬಿನ ಜಲ್ಲೆಯೊಂದನ್ನು ಎಳೆದು, ಮಚ್ಚಿನಿಂದ ಮೊಣಕಾಲುದ್ದಕ್ಕೆ ಕತ್ತರಿಸಿ, ಸೈಕಲ್ಲಿನ ಅಡ್ಡಪಟ್ಟಿಗೆ ಕೆಳಗಿನಿಂದ ಆನಿಕೆ ಕೊಟ್ಟ. ಸೈಕಲ್ ಅಲುಗದೆ ನಿಂತಿತು. ಮಿಕ್ಕ ತುಂಡನ್ನು ನನ್ನ ಕೈಗೆ ಕೊಟ್ಟು ಒಲೆಯ ಕಡೆಗೆ ಹೋದ.