ಚಾಮರಾಜನಗರದ ನಂಬಿಕೆ ಸೋಲುವುದೇ ಇಲ್ಲ, ಏಕೆ?

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ಮಾತನ್ನು ನಮ್ಮಲ್ಲಿ ಕೇಳದವರು ಕಡಿಮೆ. 1997ರಲ್ಲಿ ಹೊಸ ಜಿಲ್ಲೆಯ ಉದ್ಘಾಟನೆಯೇ ಜಿಲ್ಲಾ ಕೇಂದ್ರವನ್ನು ಬಿಟ್ಟು ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೆಯಿತು. ಅಂದು ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು 1999ರ ಚುನಾವಣೆಯಲ್ಲಿ ಅಧಿಕಾರವನ್ನೂ ಕಳೆದುಕೊಂಡರು, ಸ್ವಂತ ಕ್ಷೇತ್ರದಲ್ಲೂ ಸೋತರು. ಆದರೆ ಹೀಗೆ ಆ ಊರನ್ನು ತಪ್ಪಿಸಿಯೂ ಸೋತವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಲ್ಲಿಗೆ ಹೋಗಿ ಸೋತವರ ಹೆಸರುಗಳಷ್ಟೇ ಜನರಿಗೆ ಬಾಯಿಪಾಠವಾಗಿವೆ.

ಸಿದ್ದರಾಮಯ್ಯನವರು ಅಧಿಕಾರಕ್ಕೆ ಬಂದ 2013ರಲ್ಲೇ ಆ ಊರಿಗೆ ಹೋದರು, ಮತ್ತೆ ಮತ್ತೆ ಹೋದರು, ದೇವರಾಜ ಅರಸರ ನಂತರ ಐದು ವರ್ಷದ ಅವಧಿಯನ್ನು ಪೂರ್ತಿಗೊಳಿಸಿದ ಮೊದಲ ಮುಖ್ಯಮಂತ್ರಿಯೂ ಆದರು. ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರಿದ್ದಾರೆ, ನಿವೃತ್ತ ಗಣಿತದ ಮೇಷ್ಟ್ರು. ಉತ್ತರ ಸರಿಯಿದ್ದರೂ ನಡುವಿನ ಹಂತ ಬಿಟ್ಟವರಿಗೆ ಅಂಕ ಕಳೆಯುತ್ತಿದ್ದವರು. ಅವರ ಮುಂದೆ ಈ ಮಾತೆತ್ತಿದಾಗ, "ಅವರ ಜಾತಕ ಗಟ್ಟಿ ಇದೆ ಕಣಪ್ಪಾ, ಎಲ್ಲರಿಗೂ ಹಾಗೆ ನಡೆಯಲ್ಲ" ಎಂದರು. 2018ರಲ್ಲಿ ಕಾಂಗ್ರೆಸ್ ಬಹುಮತ ಕಳೆದುಕೊಂಡು, ಸಿದ್ದರಾಮಯ್ಯನವರು ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸೋತಾಗ ಅದೇ ಹಿರಿಯರು, "ನೋಡಿದ್ಯಾ, ತಡವಾದ್ರೂ ಬಿಡಲಿಲ್ಲ" ಎಂದರು. ಐದು ವರ್ಷ ಪೂರೈಸಿದ್ದು ಅಪವಾದವಾಯಿತು, ಆಮೇಲೆ ಸೋತದ್ದು ಸಾಕ್ಷಿಯಾಯಿತು. ಯಾವ ಮುಖ್ಯಮಂತ್ರಿಯಾದರೂ ಒಂದಲ್ಲ ಒಂದು ದಿನ ಕುರ್ಚಿ ಬಿಡಲೇಬೇಕಲ್ಲ!

ಇದನ್ನು ಅಜ್ಞಾನ ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. 1979ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್‌ನ ಪ್ರಯೋಗವೊಂದರಲ್ಲಿ ಮರಣದಂಡನೆಯ ಪರವಾಗಿದ್ದ ಮತ್ತು ವಿರುದ್ಧವಾಗಿದ್ದ ಒಟ್ಟು 48 ವಿದ್ಯಾರ್ಥಿಗಳಿಗೆ, ಆ ಶಿಕ್ಷೆಯಿಂದ ಕೊಲೆಗಳು ಕಡಿಮೆಯಾಗುತ್ತವೆ ಎನ್ನುವ ಒಂದು ಅಧ್ಯಯನವನ್ನೂ ಆಗುವುದಿಲ್ಲ ಎನ್ನುವ ಇನ್ನೊಂದನ್ನೂ ಓದಲು ಕೊಟ್ಟರು. ಎರಡೂ ಗುಂಪಿನವರು ತಮಗೆ ಒಪ್ಪದ ಅಧ್ಯಯನದಲ್ಲಿ ಲೋಪಗಳನ್ನು ಹುಡುಕಿದರು, ಒಪ್ಪುವುದನ್ನು ಸುಲಭವಾಗಿ ನಂಬಿದರು, ಓದಿ ಮುಗಿಸುವಾಗ ತಮ್ಮ ನಿಲುವು ಮೊದಲಿಗಿಂತ ಗಟ್ಟಿಯಾಗಿದೆ ಎಂದರು. ಹಂತಹಂತವಾಗಿ ಪರಿಶೀಲಿಸುವ ಜಾಣ್ಮೆ ಇವರಲ್ಲಿ ಇರಲಿಲ್ಲವೆಂದಲ್ಲ, ಮೇಷ್ಟ್ರಲ್ಲೂ ಇತ್ತು. ಅದು ಎದುರು ಪಕ್ಷದ ಪುರಾವೆಯ ಮೇಲಷ್ಟೇ ಹರಿಯಿತು.

ಆದ್ದರಿಂದ ಇಂಥ ವಾದಗಳಲ್ಲಿ ಪುರಾವೆಯ ಮೇಲೆ ಪುರಾವೆ ಪೇರಿಸುವುದಕ್ಕಿಂತ, ಏನು ನಡೆದರೆ ನಿಮ್ಮ ಮಾತು ತಪ್ಪೆಂದು ಒಪ್ಪುತ್ತೀರಿ ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಲೇಸು ಎಂದು ನನಗೆ ಅನಿಸುತ್ತದೆ. ಉತ್ತರ ಸಿಗದಿದ್ದರೆ ಚರ್ಚೆ ಅಲ್ಲಿಗೇ ನಿಲ್ಲಬಹುದು. ಹಾಗೆಂದು ಇದನ್ನು ಅವರವರ ನಂಬಿಕೆ ಎಂದು ಬಿಟ್ಟುಬಿಡಲೂ ನನ್ನಿಂದಾಗದು. ಕಾಡಂಚಿನ ಸೋಲಿಗ ಬುಡಕಟ್ಟಿನವರ ಪೋಡುಗಳಿಂದ, ಅಂದರೆ ಪುಟ್ಟ ಹಳ್ಳಿಗಳಿಂದ, ಹಿಡಿದು ಪೇಟೆಯವರೆಗೆ ಆ ಜಿಲ್ಲೆಯ ಜನ ತಮ್ಮ ಮುಖ್ಯಮಂತ್ರಿಯನ್ನು ತಮ್ಮ ಊರಿನಲ್ಲೇ ಕಂಡು ಅಹವಾಲು ಹೇಳಿಕೊಳ್ಳುವ ಅವಕಾಶವನ್ನು ವರ್ಷಗಟ್ಟಲೆ ಕಳೆದುಕೊಂಡದ್ದು ಈ ನಂಬಿಕೆಯಿಂದಲೇ.